ಬಣ್ಣದ ಕೆಳಗಿನ ಚರಿತ್ರೆ

ಮೋಟಾರು ಕಾರು ಹಳತಾದಂತೆ ಅದರ ಬೆಲೆ ಇಳಿಯುವುದು ಲೋಕರೂಢಿ. ಅಮೆರಿಕದ ಕೆಲವು ಕಾರುಗಳು ಮಾತ್ರ ಈ ರೂಢಿಗೆ ಹೊರತಾಗಿವೆ. ಮಧ್ಯಮ ಗಾತ್ರದ ಒಡಲಿನಲ್ಲಿ ಅತಿಶಕ್ತವಾದ ವಿ-8 ಎಂಜಿನನ್ನು ಕೂಡಿಸಿ, ತರುಣರ ವೇಗದ ಹಂಬಲವನ್ನು ತಣಿಸಲೆಂದು 1960ರ ದಶಕದಲ್ಲಿ ಅಲ್ಲಿಯ ಕಾರ್ಖಾನೆಗಳು ತಯಾರಿಸಿದ ಈ ವಾಹನಗಳಿಗೆ ‘ಮಸಲ್ ಕಾರು’ ಎಂದು ಹೆಸರು. 1964ರ ಪಾಂಟಿಯಾಕ್ ಜಿ.ಟಿ.ಓ. ಈ ವರ್ಗಕ್ಕೆ ನಾಂದಿಯಾಯಿತೆಂದು ಅನೇಕರು ಎಣಿಸುತ್ತಾರೆ. ಇಂದು ಸಂಗ್ರಾಹಕರು ಇಂಥ ಕಾರಿಗೆ ಅದು ಹೊಸದಾಗಿದ್ದಾಗಿನ ಬೆಲೆಯ ಅನೇಕ ಪಟ್ಟು ಹಣವನ್ನು ತೆರುತ್ತಾರೆ.

ಕೊಳ್ಳುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಎಂಜಿನು ಮೂಲದ್ದೇ? ಬಣ್ಣ ಮೂಲದ್ದೇ? ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಈ ಕಾರಿಗೆ ಇದುವರೆಗೆ ಏನೇನು ಪೆಟ್ಟು ಬಿದ್ದಿದೆ? ಅದನ್ನು ಯಾರು ಹೇಗೆ ಸರಿಪಡಿಸಿದರು? ಇದಕ್ಕೆ ಉತ್ತರವನ್ನು ಕಾಗದಪತ್ರಗಳಲ್ಲಿ ಮಾತ್ರವಲ್ಲದೆ ಮುಖ್ಯವಾಗಿ ಲೋಹದಲ್ಲಿಯೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆ ಏಕೆ ಅಗತ್ಯ? 1970ರ ದಶಕದಲ್ಲಿ ವಿಮೆಯ ದರಗಳು ಏರಿದುವು; 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿತು. ಪೆಟ್ರೋಲನ್ನು ಕುಡಿದು ತೇಗುವ ಈ ಕಾರುಗಳು ಅಗ್ಗದ ಹಳೆಯ ಗಾಡಿಗಳಾಗಿ ಕೈಯಿಂದ ಕೈಗೆ ಸಾಗಿದುವು. ಎಷ್ಟೋ ಕಾರುಗಳು ಕಂಬಕ್ಕೋ ಮರಕ್ಕೋ ಗುದ್ದಿದುವು. ಹಿಮ ಕರಗಿಸಲು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ತುಕ್ಕು ತಗಡನ್ನು ತಿಂದುಹಾಕಿತು. ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಬಳಿದರೆ ಆಗಿನ ದುರಸ್ತಿ ಮುಗಿಯುತ್ತಿದ್ದಿತು. ಅರ್ಧ ಶತಮಾನದ ತರುವಾಯ ಯಾರಾದರೂ ಅದನ್ನು ಪರೀಕ್ಷಿಸಬಹುದೆಂದು ಆಗ ಯಾರೂ ಎಣಿಸಿರಲಾರರು.

ಕಾಗದಪತ್ರಗಳು ಈ ವಿಷಯದಲ್ಲಿ ಹೆಚ್ಚು ನೆರವಾಗಲಾರವು. ಪ್ರತಿಯೊಂದು ಕಾರಿಗೂ 17 ಅಕ್ಷರಾಂಕಗಳ ಗುರುತು ಸಂಖ್ಯೆ ಇರಬೇಕೆಂಬ ನಿಯಮವು ಅಮೆರಿಕದಲ್ಲಿ ಜಾರಿಗೆ ಬಂದುದು 1981ರ ಮಾದರಿಗಳಿಂದ. ಅಲ್ಲಿಯವರೆಗೆ ಒಂದೊಂದು ಕಂಪನಿಯದು ಒಂದೊಂದು ಕ್ರಮ. ಅಪಘಾತಗಳ ಈಗಿನ ದಾಖಲೆಭಂಡಾರಗಳು ಈ 17 ಅಂಕಗಳನ್ನು ಆಧರಿಸಿರುವುದರಿಂದ, ಹಳೆಯ ಕಾರುಗಳ ಕಷ್ಟಸುಖಗಳು ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಪಾಂಟಿಯಾಕ್ ಕಾರುಗಳಿಗೂ 1967ರಿಂದೀಚಿನ ಫೋರ್ಡ್ ಕಾರುಗಳಿಗೂ ಕಾರ್ಖಾನೆಯ ತಯಾರಿಕೆಯ ವಿವರ ದೊರೆಯುವುದುಂಟು. ಅದು ಬೆಲೆಯುಳ್ಳದ್ದೇ ಸರಿ. ಆದರೆ ಜನ್ಮಪತ್ರವು ಹುಟ್ಟನ್ನು ಹೇಳಬಲ್ಲುದೇ ಹೊರತು ಬಾಳಿದ ಬಾಳನ್ನಲ್ಲ.

ಲೋಹವಾದರೋ ತನಗಾದುದನ್ನೆಲ್ಲ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಅದನ್ನು ಮಾತನಾಡಿಸಲು ಶಾಲೆಯಲ್ಲಿ ಕಲಿತ ವಿಜ್ಞಾನವೇ ಸಾಕು. ಉಕ್ಕಿನ ತಗಡಿಗೆ ಕಾಂತವು ಬಲವಾಗಿ ಅಂಟುತ್ತದೆ. ನಡುವೆ ದಪ್ಪನೆಯ ಪುಟ್ಟಿಯಿದ್ದರೆ ಹಿಡಿತ ಸಡಿಲುತ್ತದೆ. ಇದೇ ತತ್ತ್ವದ ಮೇಲೆ ರಚಿತವಾದ ಉಪಕರಣವೊಂದು ಬಣ್ಣದ ದಪ್ಪವನ್ನು ಮೈಕ್ರಾನುಗಳಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ, ಅಳೆದು ತಿಳಿಸುತ್ತದೆ. ಸುತ್ತಲೂ ಇನ್ನೂರರಷ್ಟಿದ್ದ ಅಳತೆ ಒಂದೆಡೆ ಸಾವಿರವನ್ನು ದಾಟಿದರೆ, ಅಲ್ಲಿ ಪುಟ್ಟಿ ಅಡಗಿರುವ ಸಂಭವ ಹೆಚ್ಚು. ಬೆಸುಗೆಯೂ ಸಾಕ್ಷಿ ನುಡಿಯುತ್ತದೆ. ಕಾರ್ಖಾನೆಯ ಬಿಂದುಬೆಸುಗೆಗಳು ಸಾಲಾಗಿ, ದುಂಡಗೆ, ತುಸು ತಗ್ಗಾಗಿರುತ್ತವೆ. ತರುವಾಯದ ದುರಸ್ತಿಯಲ್ಲಿ ತೂತಿನ ಮೂಲಕ ಹಾಕಿದ ಬೆಸುಗೆಗಳು ಉಬ್ಬಿ, ಅರೆದ ಗುರುತನ್ನು ಉಳಿಸುತ್ತವೆ. ಚಾಸಿಸ್ ಓರೆಯಾಗಿದೆಯೆ ಎಂಬುದನ್ನು ಜ್ಯಾಮಿತಿಯೇ ಹೇಳುತ್ತದೆ: ಎಡಬಲಗಳಲ್ಲಿ ಸಮಾನ ಸ್ಥಾನದ ನಾಲ್ಕು ಬಿಂದುಗಳನ್ನು ಆರಿಸಿ ಎರಡು ಕರ್ಣಗಳನ್ನು ಅಳೆದರೆ, ಅವು ಸಮವಾಗಿರಬೇಕು.

ಆದರೆ ಒಂದೇ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡುವುದು ಸಲ್ಲದು. ಛಾವಣಿಯೂ ಹಿಂಬದಿಯ ತಗಡೂ ಕೂಡುವೆಡೆಯಲ್ಲಿ ಅನೇಕ ಕಾರ್ಖಾನೆಗಳೇ ಸೀಸದ ಬೆಸುಗೆಲೋಹವನ್ನು ತುಂಬುತ್ತಿದ್ದುವು. ಸೀಸವನ್ನು ಕಾಂತ ಸೆಳೆಯದು. ಆದ್ದರಿಂದ ಪೆಟ್ಟೇ ಬೀಳದ ಕಾರಿನಲ್ಲಿಯೂ ಅಲ್ಲಿ ಹಿಡಿತ ಸಡಿಲವಿರಬಹುದು. ಶೆವ್ರೊಲೆ ಕಾರ್ವೆಟ್ಟಿನ ಒಡಲು ಗಾಜಿನೆಳೆ ಬೆರೆತ ಪ್ಲಾಸ್ಟಿಕ್ಕಿನದು. ಅಲ್ಲಿ ಕಾಂತದ ಆಟ ನಡೆಯದು. ಇಡೀ ಕಾರಿಗೆ ಹೊಸ ಬಣ್ಣ ಬಿದ್ದಿದ್ದರೆ ಬರಿಯ ಸಂಖ್ಯೆಯನ್ನಲ್ಲ, ಎಡಬಲಗಳ ವ್ಯತ್ಯಾಸವನ್ನು ನೋಡಬೇಕು. ಹಲವು ಪರೀಕ್ಷೆಗಳು ಒಂದೇ ಮಾತನ್ನಾಡಿದಾಗಲೇ ನಿರ್ಣಯಕ್ಕೆ ಬರುವುದು ವಿಜ್ಞಾನದ ರೀತಿ.

“ಕಾರು ಅಂದವಾಗಿದೆ, ಚೆನ್ನಾಗಿ ಓಡುತ್ತದೆ, ಹಳೆಯ ಗಾಯವನ್ನು ಕೆದಕುವುದೇಕೆ?” ಎಂದು ಮಾರುವವರು ಕೇಳಬಹುದು. ಚಾಸಿಸ್ಸಿನ ಓರೆಯನ್ನು ಯಾವ ಬಣ್ಣವೂ ನೇರಗೊಳಿಸದು. ಗಾಲಿಗಳು ನೆಟ್ಟಗೆ ಓಡದ ಬಲಶಾಲಿ ಕಾರು ಒಳಗಿರುವವರಿಗೂ ಎದುರು ಬರುವವರಿಗೂ ಅಪಾಯವೇ. ಅಲ್ಲದೆ, ಸಂಗ್ರಾಹಕನು ಹಣ ಕೊಡುವುದು ಚರಿತ್ರೆಗಾಗಿ. ಸುಳ್ಳು ಚರಿತ್ರೆಯನ್ನು ಮಾರುವುದು ವಂಚನೆಯಲ್ಲದೆ ಮತ್ತೇನು?

ದುರಸ್ತಿ ಅವಮಾನವಲ್ಲ. ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸ ತಗಡನ್ನು ಹೊಂದಿಸಿ ಬೆಸೆದ ಕುಶಲಕರ್ಮಿಯ ಕೆಲಸ ಮೆಚ್ಚತಕ್ಕದ್ದೇ ಆಗಿದೆ. ಕಳಂಕವಿರುವುದು ಮುಚ್ಚಿಡುವುದರಲ್ಲಿ. ಇಂದು ದುರಸ್ತಿಯನ್ನು ಒಪ್ಪಿಕೊಂಡ ಕಾರಿನ ಬೆಲೆ ಇಳಿಯುತ್ತದೆ, ಬಚ್ಚಿಟ್ಟದ್ದರ ಬೆಲೆ ಏರುತ್ತದೆ. ಪ್ರಾಮಾಣಿಕತೆಗೆ ದಂಡ ವಿಧಿಸುವ ಈ ಪದ್ಧತಿ ಹೋಗಬೇಕಾದರೆ, ಕೊಳ್ಳುವವರು ಹೊಳಪಿಗಲ್ಲ, ಪುರಾವೆಗೆ ಬೆಲೆ ಕಟ್ಟಬೇಕು.

ಹಳೆಯ ಬಣ್ಣವನ್ನೆಲ್ಲ ಕಿತ್ತು ತಗಡು ಬೆತ್ತಲಾದಾಗ, ಪ್ರತಿಯೊಂದು ಗಾಯವೂ ತೇಪೆಯೂ ಕಣ್ಣಿಗೆ ಬೀಳುತ್ತದೆ. ಹೊಸ ಬಣ್ಣ ಬಿದ್ದೊಡನೆ ಎಲ್ಲವೂ ಮತ್ತೆ ಹೂತುಹೋಗುತ್ತದೆ. ಆ ನಡುವಿನ ಅವಧಿಯಲ್ಲಿ ಛಾಯಾಚಿತ್ರಗಳನ್ನು ತೆಗೆದು, ಅಳತೆಗಳನ್ನು ಬರೆದು, ಕಾರಿನೊಡನೆಯೇ ಮುಂದಿನ ಒಡೆಯನಿಗೆ ಒಪ್ಪಿಸುವುದು ಪ್ರತಿಯೊಬ್ಬ ಪುನರುದ್ಧಾರಕನ ಧರ್ಮವಾಗಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಹಾಗೆ ಮಾಡಿದರೆ ಮುಂದೆ ಕೊಳ್ಳುವವನು ಕಾಂತ ಹಿಡಿದು ಸಂಶಯಪಡಬೇಕಾಗಿಲ್ಲ. ಬರೆದುದು ನಿಜವೇ ಎಂದು ತಾಳೆ ನೋಡಿದರೆ ಸಾಕು.