ದೊಡ್ಡಮ್ಮನ ಕಾಚಂಪುಳಿ ಬಾಟ್ಲಿಗೆ ದುಡ್ಡು ಕೊಡೋಣ

ಕೈಲ್ ಮುಹೂರ್ತ ಹತ್ರ ಬಂತು ಅಂದ್ರೆ ದೊಮ್ಮಲೂರಿಂದ ಕೊಡಗಿಗೆ ನಮ್ಮೆಲ್ಲರ ಫೋನು ಹೋಗುತ್ತೆ. "ದೊಡ್ಡಮ್ಮ, ಕಾಚಂಪುಳಿ ಆಯ್ತಾ? ನನಗೊಂದು ಬಾಟ್ಲಿ ಎತ್ತಿಡಿ." ದುಡ್ಡಿನ ಮಾತು ಯಾರೂ ಎತ್ತಲ್ಲ. ನಾನೂ ಎತ್ತಿರ್ಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಹತ್ತು ದಿನ ವಿರಾಜಪೇಟೆ ಕಡೆ ದೊಡ್ಡಮ್ಮನ ಮನೇಲಿದ್ದೆ. ಆಗ ಕಣ್ಣು ಬಿಡ್ತು. ಸುರಿಯೋ ಮಳೇಲಿ, ಜಿಗಣೆ ಕಾಟದಲ್ಲಿ, ಉದುರಿದ ಹಣ್ಣು ಆರಿಸ್ಬೇಕು. ಬುಟ್ಟೀಲಿ ತುಂಬಿ ಅಡಿಗೊಂದು ಪಾತ್ರೆ ಇಟ್ರೆ, ಹಣ್ಣು ಕೊಳೀತಾ ರಸ ತೊಟ್ಟು ತೊಟ್ಟಾಗಿ ಇಳಿಯುತ್ತೆ. ಅದನ್ನ ಸೋಸಿ, ಸೌದೆ ಒಲೇಲಿ ಕಪ್ಪಗೆ, ಮಂದ ಆಗೋವರೆಗೂ ಕಾಯಿಸ್ಬೇಕು. ಪಾತ್ರೆ ತುಂಬ ಇದ್ದ ರಸ ಕೊನೆಗೆ ಒಂದೆರಡು ಬಾಟ್ಲಿ. ಹೊಗೆ ಕುಡಿದು ದೊಡ್ಡಮ್ಮ ರಾತ್ರಿಯೆಲ್ಲ ಕೆಮ್ತಿದ್ರು.

ಇದೇ ಹಣ್ಣಿನ ಸಿಪ್ಪೇನ ಕೇರಳದವ್ರು ಒಣಗಿಸಿ, ಹೊಗೆ ಕೊಟ್ಟು, ಮೀನು ಸಾರಿಗೆ ಹಾಕ್ತಾರೆ, ಅದೇ ಕುಡಂಪುಳಿ. ರಸ ಕಾಯ್ಸಿ ಬಾಟ್ಲೀಲಿಡೋದು ಕೊಡಗಿನ ಪದ್ಧತಿ. 1956ರ ತನಕ ಕೊಡಗು ಬೇರೆ ರಾಜ್ಯ ಆಗಿತ್ತು. ಈಗ ಕರ್ನಾಟಕದ ಅಡುಗೆ ಅಂದ್ರೆ ಬಿಸಿಬೇಳೆಬಾತು, ಮುದ್ದೆ ಜೊತೆ ಪಂದಿ ಕರಿ, ಕಡಂಬುಟ್ಟೂ ನಮ್ದೇ ಅಂತ ಹೆಮ್ಮೆಯಿಂದ ಹೇಳ್ತೀವಿ. ಆದ್ರೆ ಕೊನೇಲಿ ಹಾಕೋ ಆ ಒಂದೆರಡು ಚಮಚ ಕಾಚಂಪುಳಿ ಇಲ್ದಿದ್ರೆ ಕೊಬ್ಬಿನ ಜಿಡ್ಡು ಮುರಿಯಲ್ಲ, ಆ ಕಪ್ಪು ಬಣ್ಣ, ಆ ರುಚಿ ಬರಲ್ಲ.

ನಿಂಬೆಹಣ್ಣು ಹಿಂಡಿದ್ರೆ ಸಾಲ್ದಾ ಅಂತ ಪಕ್ಕದ ಮನೆಯವ್ರು ಕೇಳ್ತಾರೆ. ಹುಳಿಯೇನೋ ಆಗುತ್ತೆ, ಪಂದಿ ಕರಿ ಆಗಲ್ಲ. ಒಂದ್ಸಲ ಅಂಗಡೀಲಿ ತಂದ ಬಾಟ್ಲಿ ನೀರು ನೀರಾಗಿತ್ತು, ಬರೀ ವಿನಿಗರ್ ಘಾಟು. ಅದಕ್ಕೆ ಕೇಳಿದಷ್ಟು ದುಡ್ಡು ಎಣಿಸಿ ಕೊಟ್ಟು ಬಂದಿದ್ದೆ! ಅಪ್ಪಟ ಮಾಲು ಕಳ್ಸೋ ದೊಡ್ಡಮ್ಮಂಗೆ ಮಾತ್ರ ಬರೀ "ಥ್ಯಾಂಕ್ಸ್".

"ಸ್ವಂತದವ್ರಿಗೆ ದುಡ್ಡು ಕೊಡೋದಾ, ಏನಂದ್ಕೋತಾರೆ?" ಅಂತ ತಂಗಿ ಕೇಳಿದ್ಲು. ಅವಳ ಮಾತೂ ಸುಳ್ಳಲ್ಲ, ಕೈಗೆ ಕೊಟ್ರೆ ದೊಡ್ಡಮ್ಮ ಮುಟ್ಟಲ್ಲ. ಆದ್ರೆ ಹಣ್ಣು ಆರಿಸೋರಿಗೆ ಕೂಲಿ, ಒಲೆಗೆ ಸೌದೆ ಅವ್ರ ಗಂಟಿಂದಲೇ ಹೋಗೋದು. "ಮುಂದಿನ ವರ್ಷ ನನ್ನ ಕೈಲಾಗಲ್ಲ ಕಣೇ" ಅಂತ ಆಗ್ಲೇ ಎರಡು ಸಲ ಅಂದಿದ್ದಾರೆ. ಅವ್ರು ಒಲೆ ಆರಿಸಿದ್ರೆ ನಮ್ಮಲ್ಲಿ ಹಚ್ಚೋರು ಯಾರು?

ಅದಕ್ಕೇ ಈ ಸಲ ಜೂನಲ್ಲೇ ಕೂಲಿಗೆ, ಸೌದೆಗೆ ಅಂತ ಹೇಳಿ ದುಡ್ಡು ಕಳಿಸ್ದೆ. ಬೈದ್ರು, ವಾಪಸ್ ಕಳಿಸ್ಲಿಲ್ಲ. ನೀವೂ ಕಳಿಸಿ. ರಜ ಸಿಕ್ಕೋರು ಹೋಗಿ ಒಲೆ ಮುಂದೆ ಕೂತು ಕಲೀರಿ. ಬಾಟ್ಲಿ ಆಮೇಲೆ ಕೇಳೋಣ.