ಹಳೆಯ ಜೀಪಿಗೆ ರಸ್ತೆಯೇ ಸಾಕು

ಹಳೆಯ ಫೋರ್‌ವೀಲ್ ಜೀಪೊಂದನ್ನು ಕೊಂಡು, ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ವಾರಗಟ್ಟಲೆ ಊರೂರು ಸುತ್ತುವ ಆಸೆ ಈಗ ದೊಡ್ಡ ನಗರದವರಿಗಷ್ಟೇ ಸೇರಿದ್ದಲ್ಲ. ಆಸೆಯಲ್ಲಿ ತಪ್ಪೇನೂ ಇಲ್ಲ. ಅದರ ಬೆನ್ನಿಗೆ ಬರುವ ಒಂದು ಕಲ್ಪನೆ ಮಾತ್ರ ನಮ್ಮ ನೆಲಕ್ಕೆ ಒಗ್ಗುವುದಿಲ್ಲ: ಜನವಿಲ್ಲದ, ಬೇಲಿಯಿಲ್ಲದ ಬಯಲಿನಲ್ಲಿ ದಾರಿಯ ಹಂಗಿಲ್ಲದೆ ಗಾಡಿ ಓಡಿಸಬಹುದು ಎಂಬುದು. ಆಸ್ಟ್ರೇಲಿಯಾದ ಒಳನಾಡಿನ ವಿಡಿಯೊಗಳು, ಹಳ್ಳದ ನೀರು ಚಿಮ್ಮಿಸುವ ಕಾರಿನ ಜಾಹೀರಾತುಗಳು ಇದನ್ನು ಬೆಳೆಸಿವೆ. ಆಸ್ಟ್ರೇಲಿಯಾದಲ್ಲಿ ಚದರ ಕಿಲೋಮೀಟರಿಗೆ ಸರಾಸರಿ ಮೂರ್ನಾಲ್ಕು ಜನರಿದ್ದಾರೆ. 2011ರ ಜನಗಣತಿಯ ಪ್ರಕಾರ ದಾವಣಗೆರೆ ಜಿಲ್ಲೆಯಲ್ಲಿ ಅಷ್ಟೇ ಜಾಗಕ್ಕೆ 328 ಜನ. ಈ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳನ್ನು ಹಳೆಯ ಜೀಪಿನಲ್ಲಿ ನೋಡುವುದು ಚೆಂದವೇ, ಆದರೆ ಜೀಪು ರಸ್ತೆ ಬಿಟ್ಟು ಇಳಿಯಬಾರದು. ನಾಲ್ಕೂ ಚಕ್ರಕ್ಕೆ ಸಿಗುವ ಬಲವನ್ನು ಸಿಕ್ಕಿಬಿದ್ದಾಗ ಹೊರಬರಲು ಇಟ್ಟುಕೊಳ್ಳಬೇಕು.

ಜಗಳೂರನ್ನೇ ನೋಡೋಣ. ನಾಲ್ಕರಲ್ಲಿ ಆಸ್ಟ್ರೇಲಿಯಾದ ಒಳನಾಡಿನ ಬಯಲಿನಂತೆ ಕಾಣುವ ತಾಲೂಕು ಇದೇ. ಮಳೆ ಕಡಿಮೆ, ಕುರುಚಲು ಗುಡ್ಡ, ಫಸಲು ಎತ್ತಿದ ಮೇಲೆ ದಿಗಂತದವರೆಗೂ ಬೋಳು. ಹಾದು ಹೋಗುವವರ ಕಣ್ಣಿಗೆ ಅಲ್ಲಿ ಯಾರೂ ಇಲ್ಲ. ಕಂದಾಯದ ಕಡತದಲ್ಲಿ ಇದ್ದಾರೆ. ಊರಿನ ಪ್ರತಿ 100 ದನಕ್ಕೆ 12 ಹೆಕ್ಟೇರ್ ಲೆಕ್ಕದಲ್ಲಿ ಗೋಮಾಳ ಬಿಡಬೇಕೆಂದು ಕರ್ನಾಟಕ ಭೂ ಕಂದಾಯ ನಿಯಮಗಳು 1966ರಿಂದ ಹೇಳುತ್ತಿವೆ. ಬೋಳಾಗಿ ಕಾಣುವ ಎಷ್ಟೋ ಜಾಗ ಕುರಿಮಂದೆಯ ಮೇವು, ಗೊಲ್ಲರಹಟ್ಟಿಯ ದನಗಳ ದಾರಿ, ಮ್ಯಾಸಬೇಡರ ದೇವರ ಎತ್ತುಗಳು ಮೇಯುವ ನೆಲ. ಒಣಗಿ ಬಿರಿದ ಕೆರೆಯಂಗಳವೂ ಪಾಳು ಅಲ್ಲ. ತುಂಗಭದ್ರೆಯ ನೀರನ್ನು ಜಗಳೂರಿನ ಕಡೆಗೆ ತರುವ 57 ಕೆರೆ ತುಂಬಿಸುವ ಯೋಜನೆಗಾಗಿ ಇಲ್ಲಿನ ಜನ ವರ್ಷಗಟ್ಟಲೆ ಕಾದಿದ್ದಾರೆ. ಅಂಥ ಕೆರೆಗೆ ನೀರು ತರುವ ಕಾಲುವೆಯ ಏರಿಯನ್ನು ಮೋಜಿಗೆ ಹತ್ತಿಳಿದು ಕೆಡಿಸುವುದಕ್ಕೆ ಏನನ್ನಬೇಕು? ಇನ್ನು ರಂಗಯ್ಯನದುರ್ಗದ ಗುಡ್ಡಗಳು: ಕೊಂಡಕುರಿಗಾಗಿಯೇ 2011ರಲ್ಲಿ ವನ್ಯಧಾಮವಾದ ಸುಮಾರು 77 ಚದರ ಕಿಲೋಮೀಟರ್ ಕಾಡು. ನಾಲ್ಕು ಕೊಂಬಿನ ಈ ಪುಟ್ಟ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿ ಪೊದೆಯ ಮರೆಯಲ್ಲಿ ಬದುಕುತ್ತದೆ. ಕಣ್ಣಿಗೆ ಬೀಳದ ಪ್ರಾಣಿ ಅಲ್ಲಿಲ್ಲ ಎಂದುಕೊಳ್ಳುವುದು ಸುಲಭ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ವನ್ಯಧಾಮದೊಳಕ್ಕೆ ಪರವಾನಗಿಯಿಲ್ಲದ ಪ್ರವೇಶವನ್ನು ತಡೆಯುತ್ತದೆ. ಫೋರ್‌ವೀಲ್ ಇದೆ ಎಂಬ ಕಾರಣಕ್ಕೆ ಅದರಲ್ಲಿ ರಿಯಾಯಿತಿಯಿಲ್ಲ.

ಬಯಲನ್ನು ಖಾಲಿ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚಳ್ಳಕೆರೆಯೇ ಸಾಕ್ಷಿ. ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ದನ ಕುರಿ ನಂಬಿದ ಸುತ್ತಲಿನ ಹಳ್ಳಿಗಳು ಬೀದಿಗಿಳಿದವು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ನಾಲ್ಕು ಜೀಪುಗಳ ಓಡಾಟ ಅಷ್ಟು ದೊಡ್ಡದಲ್ಲ, ನಿಜ. ಆದರೆ ಹುಲ್ಲುಗಾವಲನ್ನು ಯಾರದೂ ಅಲ್ಲದ ಜಾಗವೆಂದು ನೋಡುವ ಕಣ್ಣು ಎರಡೂ ಕಡೆ ಒಂದೇ.

ಮಣ್ಣಿನ ಮಾತೂ ಇದೆ. ಜಗಳೂರು, ಹೊನ್ನಾಳಿಗಳ ಎರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಅಂಟಿದ ಮಣ್ಣು ಟೈರಿನ ಹಲ್ಲುಗಳನ್ನೆಲ್ಲ ಮುಚ್ಚಿದ ಮೇಲೆ ನಾಲ್ಕು ಚಕ್ರ ತಿರುಗಿದರೂ ಒಂದೇ, ಎರಡು ತಿರುಗಿದರೂ ಒಂದೇ. ಗಾಡಿ ಇನ್ನಷ್ಟು ಹೂಳುತ್ತದೆ. ಹಸಿ ನೆಲ ಅದುಮಿ ಗಟ್ಟಿಯಾಗುವುದು ಹೆಚ್ಚಾಗಿ ಮೊದಲ ಕೆಲವು ಸುತ್ತುಗಳಲ್ಲೇ. ಹಾಗಾಗಿ ‘ಒಂದೇ ಸಲ ಹೋಗಿ ಬರುತ್ತೇವೆ’ ಎನ್ನುವುದರಿಂದ ನೆಲಕ್ಕೆ ದೊಡ್ಡ ಉಪಕಾರವಿಲ್ಲ. ಇಳಿಜಾರಿನಲ್ಲಿ ಚಕ್ರ ಬಿಟ್ಟ ಗೆರೆಯನ್ನೇ ಮುಂದಿನ ಮಳೆಯ ನೀರು ಹಿಡಿಯುತ್ತದೆ, ಗೆರೆ ಕೊರಕಲಾಗುತ್ತದೆ, ತೆಳ್ಳಗಿನ ಮೇಲ್ಮಣ್ಣು ಹೊಲದ ಒಡ್ಡು ದಾಟಿ ಹೋಗುತ್ತದೆ. ಮಳೆ ಹೆಚ್ಚಿರುವ ನ್ಯಾಮತಿ ಕಡೆ ಹುಲ್ಲು ಬೇಗ ಚಿಗುರಿ ಗಾಯ ಮುಚ್ಚಬಹುದು. ಜಗಳೂರಿನಲ್ಲಿ ಆ ಅದೃಷ್ಟವಿಲ್ಲ.

ಹಾಗಾದರೆ ಫೋರ್‌ವೀಲ್ ಗಾಡಿ ಇಟ್ಟುಕೊಳ್ಳುವುದಾದರೂ ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ, ಅದರಲ್ಲೂ 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕಾಗಿರುವಾಗ. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 10,000. ಇಷ್ಟು ತೆತ್ತು ಮನೆ ಮುಂದೆ ನಿಲ್ಲಿಸಿಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಉತ್ತರ ಗಾಡಿಯ ಹುಟ್ಟಿನಲ್ಲೇ ಇದೆ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ ಮೇಲೆ, ಆಮೇಲೆ 1985ರಲ್ಲಿ ಮಾರುತಿಯ ಜಿಪ್ಸಿ ಬಂದ ಮೇಲೆ, ಇವು ಹೆಚ್ಚಾಗಿ ದುಡಿದದ್ದು ಸೈನ್ಯ, ಪೊಲೀಸ್, ಅರಣ್ಯ, ಕಂದಾಯದಂಥ ಇಲಾಖೆಗಳಲ್ಲಿ. ಅವರಿಗೆ ಕೆಸರು ಗಮ್ಯವಾಗಿರಲಿಲ್ಲ, ಊರು ಮುಟ್ಟಲು ದಾಟಬೇಕಾದ ಅಡ್ಡಿಯಾಗಿತ್ತು. ಯಂತ್ರವೂ ಹಾಗೆಯೇ ಇದೆ. ಮಹೀಂದ್ರದ ಎಂಎಂ 540 ಇರಲಿ, ಜಿಪ್ಸಿ ಇರಲಿ, ಸದಾಕಾಲ ನಾಲ್ಕೂ ಚಕ್ರ ಎಳೆಯುವ ಗಾಡಿಗಳಲ್ಲ. ಮಾಮೂಲಿ ಓಟಕ್ಕೆ ಹಿಂದಿನ ಎರಡು ಚಕ್ರ. ಜಾರುವ ಕಡೆ ಸಣ್ಣ ಗೇರು ಎಳೆದರೆ ಮುಂದಿನವೂ ಕೂಡಿಕೊಳ್ಳುತ್ತವೆ. ಮಧ್ಯೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಡಾಂಬರಿನ ಮೇಲೆ ಹಾಗೇ ಓಡಿಸಿದರೆ ತಿರುವಿನಲ್ಲಿ ಹಿಡಿದಂತಾಗಿ ಟೈರು ಸವೆಯುತ್ತದೆ, ಗೇರುಗಳಿಗೆ ಏಟು ಬೀಳುತ್ತದೆ. ಅಂದರೆ ಎರಡೇ ಚಕ್ರದಲ್ಲಿ ಹೆಚ್ಚು ಹೊತ್ತು ಓಡಲಿ ಎಂದೇ ಇದನ್ನು ಮಾಡಿದವರ ಎಣಿಕೆ. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ, ಸ್ಪ್ರಿಂಗ್ ಪ್ಲೇಟುಗಳ ಕುಲುಕಾಟದಲ್ಲಿ, ರೇಡಿಯೇಟರಿನ ನೀರಿನ ಮೇಲೆ ಕಣ್ಣಿಟ್ಟು ಹೋಗುವವರಿಗೆ ಸಾಹಸ ಡಾಂಬರಿನ ಮೇಲೂ ಸಾಕಷ್ಟು ಸಿಗುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಸಮರ್ಥಿಸಲು ನನಗೆ ಮನಸ್ಸಿಲ್ಲ. ಅದು ಬೇರೆ ಚರ್ಚೆ.

ಹಳ್ಳಿಯವರ ಟ್ರ್ಯಾಕ್ಟರ್ ಎಲ್ಲೆಂದರಲ್ಲಿ ಹೋಗುವುದಿಲ್ಲವೇ ಎಂಬುದು ಇನ್ನೊಂದು ತಕರಾರು. ಹೋಗುತ್ತದೆ, ಕೆಲವೊಮ್ಮೆ ಹಾನಿಯನ್ನೂ ಮಾಡುತ್ತದೆ. ಆದರೆ ಟ್ರ್ಯಾಕ್ಟರ್ ಓಡಿಸುವವನು ನೆರೆಯವನ ಬದು ಕೆಡಿಸಿದರೆ ಸಂಜೆಗೆ ಅರಳಿಕಟ್ಟೆಯ ಮುಂದೆ ಉತ್ತರ ಹೇಳಬೇಕು. ಬೇರೆ ಊರಿನ ಜೀಪು ಅಷ್ಟು ಹೊತ್ತಿಗೆ ಜಿಲ್ಲೆ ದಾಟಿರುತ್ತದೆ. ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತದಲ್ಲ ಎನ್ನುವವರು ಆ ಕಾಸು ಎಲ್ಲಿ ಬೀಳುತ್ತದೆ ಎಂದು ನೋಡಲಿ: ರಸ್ತೆ ಬದಿಯ ಹೋಟೆಲಿನಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಊರಿನ ಗ್ಯಾರೇಜಿನಲ್ಲಿ. ಟೆಂಟು, ಊಟ, ನೀರು ಎಲ್ಲವನ್ನೂ ಹೊತ್ತು ಬಂದು ಗುಡ್ಡ ಹತ್ತುವವರಿಂದ ಊರಿಗೆ ಹುಟ್ಟುವುದು ಅಷ್ಟಕ್ಕಷ್ಟೆ. ಇನ್ನು ಆಸ್ಟ್ರೇಲಿಯಾದ ಉದಾಹರಣೆ ಕೊಡುವವರಿಗೆ ಒಂದು ಮಾತು. ಅಲ್ಲಿನ ಹೆಸರಾಂತ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿಲೋಮೀಟರ್ ಉದ್ದದ ದಾರಿ. ಅದು ಹಾಯುವ ಮೂಲನಿವಾಸಿಗಳ ನೆಲಕ್ಕೆ ಪರ್ಮಿಟ್ ಬೇಕು. ಮಳೆಯಾದಾಗ ಒಳನಾಡಿನ ಮಣ್ಣಿನ ರಸ್ತೆಗಳನ್ನು ಮುಚ್ಚುತ್ತಾರೆ, ಮುಚ್ಚಿದ ಮೇಲೆ ಹೋದರೆ ದಂಡ. ಜನವಿರಳ ದೇಶವೇ ಇಷ್ಟು ಬಿಗಿಯಾಗಿರುವಾಗ ನಮ್ಮ ಸಡಿಲಕ್ಕೆ ನೆಪ ಯಾವುದು?

ರಸ್ತೆಯಲ್ಲೇ ಉಳಿದವರಿಗೆ ಈ ನಾಲ್ಕು ತಾಲೂಕು ಏನೂ ಕಡಿಮೆ ಮಾಡುವುದಿಲ್ಲ. ನ್ಯಾಮತಿಯಲ್ಲಿ ತೀರ್ಥರಾಮೇಶ್ವರದ ಗುಡ್ಡ, ಸಂತ ಸೇವಾಲಾಲರ ಸೂರಗೊಂಡನಕೊಪ್ಪ; ಹೊನ್ನಾಳಿಯಲ್ಲಿ ತುಂಗಭದ್ರೆ; ಚನ್ನಗಿರಿಯಲ್ಲಿ ಸೂಳೆಕೆರೆ, ಸಂತೇಬೆನ್ನೂರಿನ ಪುಷ್ಕರಣಿ, ಶಿವಾಜಿಯ ತಂದೆ ಶಹಾಜಿಯ ಸಮಾಧಿಯಿರುವ ಹೊದಿಗೆರೆ; ಜಗಳೂರಿನಲ್ಲಿ ಕೊಡದಗುಡ್ಡ. ಅಡಿಕೆ ತೋಟದ ನೆರಳಿನಿಂದ ಶೇಂಗಾ ಹೊಲದ ಬಿಸಿಲಿಗೆ ನೆಲ ಬದಲಾಗುವುದನ್ನು ನೋಡಲು ಬಯಲಿಗೆ ಇಳಿಯಬೇಕಿಲ್ಲ. ಸೂಳೆಕೆರೆಯ ನೀರು ಹಿಂದೆ ಸರಿದಾಗ ಅದರ ಅಂಗಳಕ್ಕೂ ಜೀಪು ಇಳಿಸಬೇಡಿ. ಚಿತ್ರದುರ್ಗದವರೂ ಕುಡಿಯುವ ನೀರು ಅದು. ಎರೆ ಹೊಲದ ಬಂಡಿದಾರಿಯಲ್ಲಿ ಹೋಗಲೇಬೇಕಾದರೆ ಮಳೆ ನಿಂತು ನೆಲ ಒಣಗುವ ತನಕ ಕಾಯಿರಿ, ಹೊಲದವರನ್ನು ಕೇಳಿಯೇ ಹೋಗಿ. ಗುಂಪಾಗಿ ಬರುವವರು ಹೊರಡುವ ಮೊದಲೇ ಗ್ರಾಮ ಪಂಚಾಯಿತಿಗೆ ತಿಳಿಸಿ. ಬೇಡವೆಂದರೆ ವಾಪಸ್ ಹೋಗಿ.