ಹೊಳೆ ದಾಟಿಸುವ ಅಂಬಿಗನ ಕೂಲಿ

ಎಡಪಂಥೀಯ ಒಲವುಳ್ಳ ಮತದಾರನನ್ನು ಚುನಾವಣೆ ಬಂದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ತನ್ನ ವಿಚಾರಕ್ಕೆ ಹತ್ತಿರವಾದ ಅಭ್ಯರ್ಥಿ ಗೆಲ್ಲುವ ಸ್ಥಿತಿಯಲ್ಲಿಲ್ಲ. ಗೆಲ್ಲಬಲ್ಲ ಮಧ್ಯಮಮಾರ್ಗಿ ತನ್ನವನಲ್ಲ. ಅವನನ್ನು ಸೋಲಿಸಿ ಬರಬಹುದಾದವನಾದರೋ ತಾನು ನಂಬಿದ ಎಲ್ಲಕ್ಕೂ ವಿರೋಧಿ. ಆಗ ಸೋಲುವುದು ಖಚಿತವೆಂದು ತಿಳಿದೂ ತನ್ನವನಿಗೇ ಮತ ನೀಡಬೇಕೇ, ಮನೆಯಲ್ಲಿಯೇ ಉಳಿಯಬೇಕೇ, ಇಲ್ಲವೇ ಒಲ್ಲದ ಮನಸ್ಸಿನಿಂದ ಮಧ್ಯಮಮಾರ್ಗಿಯನ್ನು ಬೆಂಬಲಿಸಬೇಕೇ? ಬೆಂಬಲಿಸಬೇಕು, ಆದರೆ ಬಿಟ್ಟಿಯಾಗಿ ಅಲ್ಲ ಎಂಬುದು ನನ್ನ ನಿಲುವು. ಈ ಮಾತಿನ ಎರಡೂ ಭಾಗಗಳಿಗೆ ಫ್ರಾನ್ಸಿನ ಅನುಭವದಲ್ಲಿ ಸಾಕಷ್ಟು ಆಧಾರವಿದೆ.

ಫ್ರಾನ್ಸಿನಲ್ಲಿ ಅಧ್ಯಕ್ಷರ ಚುನಾವಣೆ ಎರಡು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಮೊದಲಿನ ಇಬ್ಬರು ಮಾತ್ರ ಎರಡನೆಯ ಸುತ್ತಿಗೆ ಹೋಗುತ್ತಾರೆ. 2002ರಲ್ಲಿ ಸಮಾಜವಾದಿ ಪಕ್ಷದ ಲಿಯೊನೆಲ್ ಜೋಸ್ಪಾನ್ ಪ್ರಧಾನಿಯಾಗಿದ್ದರು. ವಾರಕ್ಕೆ 35 ಗಂಟೆಗಳ ದುಡಿಮೆಯ ಮಿತಿಯನ್ನು ತಂದದ್ದು ಅವರ ಸರಕಾರ. ಆದರೂ ಅವರು ಖಾಸಗೀಕರಣಕ್ಕೆ ಒಲಿದರೆಂದು, ತಮ್ಮ ಕಾರ್ಯಕ್ರಮ ಸಮಾಜವಾದಿ ಕಾರ್ಯಕ್ರಮವಲ್ಲವೆಂದು ತಾವೇ ಹೇಳಿಕೊಂಡರೆಂದು ಎಡಪಂಥೀಯರು ಮುನಿಸಿಕೊಂಡಿದ್ದರು. ಕಣದಲ್ಲಿದ್ದ 16 ಅಭ್ಯರ್ಥಿಗಳಲ್ಲಿ ಅನೇಕರು ಎಡಪಂಥೀಯರೇ. ಎರಡನೆಯ ಸುತ್ತಿನಲ್ಲಿ ಜೋಸ್ಪಾನ್ ಇದ್ದೇ ಇರುತ್ತಾರೆ, ಮೊದಲ ಸುತ್ತಿನಲ್ಲಿ ಮನಸ್ಸಿಗೆ ಒಪ್ಪಿದವರಿಗೆ ಮತ ನೀಡೋಣ ಎಂದುಕೊಂಡವರು ಕಡಿಮೆಯಿರಲಿಲ್ಲ. ಏಪ್ರಿಲ್ 21ರ ಸಂಜೆ ಫಲಿತಾಂಶ ಬಂದಾಗ ಜೋಸ್ಪಾನ್ ಅವರಿಗೆ ಶೇಕಡ 16.18, ಕಡುಬಲಪಂಥದ ಜಾನ್ ಮಾರಿ ಲೆ ಪೆನ್ ಅವರಿಗೆ ಶೇಕಡ 16.86. ಅಂತರ ಎರಡು ಲಕ್ಷ ಮತಗಳಿಗಿಂತ ಕಡಿಮೆ. ಎಡಪಂಥದ ಸಣ್ಣ ಅಭ್ಯರ್ಥಿಗಳಲ್ಲೊಬ್ಬರಾದ ಕ್ರಿಸ್ಟಿಯಾನ್ ತೋಬಿರಾ ಒಬ್ಬರೇ ಆರೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂಬ ನಮ್ಮ ಗಾದೆಯ ಅರ್ಥ ಅಂದು ಫ್ರೆಂಚ್ ಎಡಪಂಥೀಯರಿಗೆ ತಿಳಿದಿರಬೇಕು.

ಎರಡನೆಯ ಸುತ್ತಿನಲ್ಲಿ ಅವರು ತಮ್ಮ ಬದ್ಧವಿರೋಧಿಯಾಗಿದ್ದ ಬಲಪಂಥೀಯ ಜಾಕ್ ಶಿರಾಕ್ ಅವರಿಗೆ ಮತ ನೀಡಬೇಕಾಯಿತು. ಅಪ್ರಾಮಾಣಿಕನಾದರೂ ಸರಿ, ಫ್ಯಾಸಿಸ್ಟ್ ಬೇಡ ಎಂಬರ್ಥದ ಘೋಷಣೆಗಳೊಡನೆ ಮೇ 1ರಂದು ಜನರು ಬೀದಿಗಿಳಿದರು. ಶಿರಾಕ್ ಶೇಕಡ 82ರಷ್ಟು ಮತ ಪಡೆದು ಗೆದ್ದರು. ಆ ಗೆಲುವಿನಲ್ಲಿ ಎಡಪಂಥೀಯರ ಪಾಲು ಎಷ್ಟೆಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದರೂ ಶಿರಾಕ್ ರಚಿಸಿದ್ದು ಬಲಪಂಥೀಯ ಸರಕಾರವನ್ನೇ. ಮರುವರ್ಷವೇ, ಕಾರ್ಮಿಕ ಸಂಘಟನೆಗಳ ಮುಷ್ಕರಗಳ ನಡುವೆ, ಸರಕಾರಿ ನೌಕರರು ಪೂರ್ಣ ಪಿಂಚಣಿಗಾಗಿ ದುಡಿಯಬೇಕಾದ ಅವಧಿ 37.5 ವರ್ಷಗಳಿಂದ 40ಕ್ಕೆ ಏರಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಇಪ್ಪತ್ತು ವರ್ಷಗಳ ನಂತರ ಇದೇ ಕತೆ ಮರುಕಳಿಸಿತು. 2022ರ ಮೊದಲ ಸುತ್ತಿನಲ್ಲಿ ಎಡಪಂಥದ ಜಾನ್ ಲುಕ್ ಮೆಲಾಂಶೋನ್ ಅವರು ಲೆ ಪೆನ್ ಅವರ ಮಗಳು ಮರೀನ್ ಲೆ ಪೆನ್ ಅವರಿಗಿಂತ ಸುಮಾರು 4 ಲಕ್ಷ 20 ಸಾವಿರ ಮತಗಳಿಂದ ಹಿಂದೆ ಬಿದ್ದರು. ಕಮ್ಯುನಿಸ್ಟ್ ಪಕ್ಷದ ಅಭ್ಯರ್ಥಿಗೆ ಬಂದ ಮತಗಳು ಸುಮಾರು 8 ಲಕ್ಷ. ಎರಡನೆಯ ಸುತ್ತಿನಲ್ಲಿ ಮರೀನ್ ಲೆ ಪೆನ್ ಅವರಿಗೆ ಒಂದು ಮತವೂ ಹೋಗಬಾರದೆಂದು ಮೆಲಾಂಶೋನ್ ಕರೆ ಕೊಟ್ಟರು. ಮಧ್ಯಮಮಾರ್ಗಿ ಎಮ್ಯಾನುಯೆಲ್ ಮ್ಯಾಕ್ರಾನ್ ಗೆದ್ದರು. ಅನೇಕರು ತಮಗೆ ಮತ ನೀಡಿದ್ದು ತಮ್ಮ ವಿಚಾರಗಳನ್ನು ಒಪ್ಪಿ ಅಲ್ಲ, ಕಡುಬಲಪಂಥವನ್ನು ತಡೆಯಲಿಕ್ಕೆ. ಆ ಮತದ ಹೊಣೆ ಮುಂದಿನ ವರ್ಷಗಳಲ್ಲಿ ತಮ್ಮ ಮೇಲಿದೆ ಎಂದು ಗೆದ್ದ ರಾತ್ರಿ ಅವರೇ ಹೇಳಿದರು. ವರ್ಷ ತುಂಬುವ ಮೊದಲೇ, 2023ರ ಮಾರ್ಚಿನಲ್ಲಿ, ನಿವೃತ್ತಿಯ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಮಸೂದೆಯನ್ನು ಅವರ ಸರಕಾರ ಸಂಸತ್ತಿನ ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ, ಸಂವಿಧಾನದ 49ನೆಯ ವಿಧಿಯ 3ನೆಯ ಉಪವಿಧಿಯನ್ನು ಬಳಸಿ ಅಂಗೀಕರಿಸಿಕೊಂಡಿತು. ನಿವೃತ್ತಿ ವಯಸ್ಸನ್ನು ಏರಿಸುವ ಮಾತನ್ನು ಪ್ರಚಾರದಲ್ಲಿಯೇ ಆಡಿದ್ದೆನೆಂಬ ಮ್ಯಾಕ್ರಾನ್ ಅವರ ಸಮರ್ಥನೆ ಸುಳ್ಳಲ್ಲ. ಆದರೆ ಹೊಣೆಯಿದೆ ಎಂದು ಒಪ್ಪಿಕೊಂಡವನು ಆ ಹೊಣೆಯನ್ನು ನಿರ್ವಹಿಸುವ ರೀತಿ ಅದಾಗಿರಲಿಲ್ಲ.

ಮಧ್ಯಮಮಾರ್ಗಿಗೆ ಮತ ನೀಡಬಾರದೆನ್ನುವವರ ಬಲವಾದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡನೆಯ ಸುತ್ತಿನಲ್ಲಿ ತಂದೆ ಲೆ ಪೆನ್ 2002ರಲ್ಲಿ ಪಡೆದದ್ದು ಶೇಕಡ 17.79, ಮಗಳು 2017ರಲ್ಲಿ ಪಡೆದದ್ದು ಶೇಕಡ 33.9, 2022ರಲ್ಲಿ ಶೇಕಡ 41.45. ಅಡ್ಡಗಟ್ಟೆ ಕಟ್ಟಿದಷ್ಟೂ ನೀರು ಏರುತ್ತಿದೆಯಲ್ಲ, ಕಟ್ಟಿ ಏನು ಫಲ ಎಂದು ಅವರು ಕೇಳುತ್ತಾರೆ. 2022ರ ಎರಡನೆಯ ಸುತ್ತಿನಲ್ಲಿ ಸುಮಾರು 30 ಲಕ್ಷ ಜನ ಮತಗಟ್ಟೆಗೆ ಹೋಗಿಯೂ ಖಾಲಿ ಅಥವಾ ಅಸಿಂಧು ಮತ ಹಾಕಿ ಬಂದರು. ಅವರಲ್ಲಿ ಅನೇಕರ ಮನಸ್ಸಿನಲ್ಲಿ ಇದೇ ಪ್ರಶ್ನೆಯಿದ್ದಿರಬೇಕು.

ಆದರೆ ನೀರು ಏರಿದ್ದು ಕಟ್ಟೆ ಕಟ್ಟಿದ್ದರಿಂದಲ್ಲ. ಕಟ್ಟೆಯ ಹಿಂದೆ ಹೂಳೆತ್ತುವ ಕೆಲಸವನ್ನು ಯಾರೂ ಮಾಡದಿದ್ದುದರಿಂದ. ಕಟ್ಟೆಯನ್ನೇ ಒಡೆದರೆ ಮೊದಲು ಮುಳುಗುವವರು ಯಾರೆಂಬುದನ್ನೂ ಯೋಚಿಸಬೇಕು. ಉದ್ಯೋಗ, ಮನೆ, ಸರಕಾರಿ ನೆರವು ಎಲ್ಲದರಲ್ಲಿಯೂ ಸ್ವದೇಶಿಗಳಿಗೆ ಆದ್ಯತೆ ಎಂಬುದು ಲೆ ಪೆನ್ ಪಕ್ಷದ ಹಳೆಯ ಘೋಷಣೆ. ಸಾರ್ವಜನಿಕ ಸ್ಥಳಗಳಲ್ಲಿ ಮುಸ್ಲಿಂ ಮಹಿಳೆಯರ ತಲೆವಸ್ತ್ರದ ನಿಷೇಧ 2022ರ ಅವರ ಭರವಸೆಗಳಲ್ಲಿ ಒಂದು. ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ತತ್ತ್ವದ ಶುದ್ಧಿಯನ್ನು ಕಾಯುವವನಿಗೆ ಇದರ ಬಿಸಿ ತಟ್ಟುವುದಿಲ್ಲ. ಹೊರಗಿನಿಂದ ಬಂದು ದುಡಿಯುವವನಿಗೆ ತಟ್ಟುತ್ತದೆ. ಮುಂಬಯಿಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಹೂಡಿದ ಚಳವಳಿಯನ್ನು, ಉಡುಪಿ ಹೋಟೆಲುಗಳು ಅದಕ್ಕೆ ಗುರಿಯಾದುದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಮಣ್ಣಿನ ಮಕ್ಕಳ ಮಾತು ರಾಜಕೀಯವಾದಾಗ ಅದರ ಬೆಲೆ ತೆರುವವರು ಯಾರೆಂಬುದು ನಮಗೆ ಅನುಭವದಿಂದ ಗೊತ್ತು.

ಮತವೆಂಬುದು ಅಭ್ಯರ್ಥಿಯ ಗುಣಕ್ಕೆ ನಾವು ಬರೆದುಕೊಡುವ ಪ್ರಮಾಣಪತ್ರವಲ್ಲ, ನಮ್ಮ ಅಂತರಂಗದ ಪ್ರದರ್ಶನವೂ ಅಲ್ಲ. ಅದೊಂದು ಕ್ರಿಯೆ, ಅದರ ಪರಿಣಾಮ ಇತರರ ಬದುಕಿನ ಮೇಲೆ ಆಗುತ್ತದೆ. ಕೊನೆಯ ಆಯ್ಕೆ ಇಬ್ಬರ ನಡುವೆ ಉಳಿದಾಗ ನಾವು ಆರಿಸುವುದು ನಮ್ಮ ನಾಯಕನನ್ನಲ್ಲ, ಮುಂದಿನ ಐದು ವರ್ಷ ಯಾರೆದುರು ನಿಂತು ಹೋರಾಡಬೇಕೆಂಬುದನ್ನು. ಮ್ಯಾಕ್ರಾನ್ ಆಳ್ವಿಕೆಯಲ್ಲಿ ನಿವೃತ್ತಿ ಮಸೂದೆಯ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದರು. ಅವರ ಸರಕಾರದ ವಿರುದ್ಧದ ಅವಿಶ್ವಾಸ ಗೊತ್ತುವಳಿ ಬಿದ್ದುಹೋದದ್ದು ಕೇವಲ 9 ಮತಗಳಿಂದ. ಹೋರಾಟಕ್ಕೆ ಎಡೆಯುಳಿಸುವ ವಿರೋಧಿಗೂ, ಹೋರಾಡುವವನ ಪೌರತ್ವವನ್ನೇ ಪ್ರಶ್ನಿಸುವ ವಿರೋಧಿಗೂ ವ್ಯತ್ಯಾಸವಿದೆ. ಇಬ್ಬರೂ ಒಂದೇ ಎನ್ನುವವರು ಸಾಮಾನ್ಯವಾಗಿ ಆ ವ್ಯತ್ಯಾಸದ ಬೆಲೆ ತೆರದವರೇ.

ಹಾಗೆಂದು ಇಷ್ಟಕ್ಕೇ ಮಾತು ಮುಗಿಸಿದರೆ ಅಂಬಿಗನಿಗೆ ಅನ್ಯಾಯ ಮಾಡಿದಂತೆ. ಫ್ರೆಂಚ್ ಎಡಪಂಥೀಯರು ಹೊಳೆ ದಾಟಿಸಿದ್ದು ತಪ್ಪಲ್ಲ. ದೋಣಿ ಹತ್ತಿಸುವ ಮೊದಲು ಕೂಲಿಯನ್ನು ಗೊತ್ತುಮಾಡಿಕೊಳ್ಳದಿದ್ದುದು ತಪ್ಪು. 2024ರ ಸಂಸತ್ ಚುನಾವಣೆಯಲ್ಲಿಯೂ ಅದೇ ನಡೆಯಿತು. ಎರಡು ಸುತ್ತುಗಳ ನಡುವೆ ಇನ್ನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದರು. ಅವರಲ್ಲಿ ಹೆಚ್ಚಿನವರು ಎಡಪಂಥೀಯ ಕೂಟದವರು. ಮೊದಲ ಸುತ್ತಿನಲ್ಲಿ ಮುಂದಿದ್ದ ಕಡುಬಲಪಂಥ ಮೂರನೆಯ ಸ್ಥಾನಕ್ಕೆ ಇಳಿಯಿತು, ಎಡಪಂಥೀಯ ಕೂಟ ಮೊದಲನೆಯದಾಯಿತು. ಆದರೂ ಮ್ಯಾಕ್ರಾನ್ ಪ್ರಧಾನಿಯಾಗಿ ನೇಮಿಸಿದ್ದು ಸ್ಥಾನಬಲದಲ್ಲಿ ಬಹಳ ಹಿಂದಿದ್ದ ಸಂಪ್ರದಾಯವಾದಿ ಪಕ್ಷದ ಮಿಶೆಲ್ ಬಾರ್ನಿಯೆ ಅವರನ್ನು. ಆ ಸರಕಾರ ಮೂರೇ ತಿಂಗಳಲ್ಲಿ, ಡಿಸೆಂಬರಿನಲ್ಲಿ, ಅವಿಶ್ವಾಸ ಮತದಿಂದ ಉರುಳಿತು.

ಕೂಲಿಯನ್ನು ಮೊದಲೇ ಗೊತ್ತುಮಾಡಿಕೊಂಡ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. 2004ರಲ್ಲಿ ಸುಮಾರು 60 ಸ್ಥಾನ ಗೆದ್ದ ಎಡಪಕ್ಷಗಳು ಕಾಂಗ್ರೆಸ್ ನೇತೃತ್ವದ ಸರಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟವು. ಪಶ್ಚಿಮ ಬಂಗಾಳ, ಕೇರಳಗಳಲ್ಲಿ ಅವುಗಳ ಎದುರಾಳಿ ಅದೇ ಕಾಂಗ್ರೆಸ್. ಆದರೂ ಬೆಂಬಲಿಸಿದವು, ಆದರೆ ಸಾಮಾನ್ಯ ಕನಿಷ್ಠ ಕಾರ್ಯಕ್ರಮವೆಂಬ ಲಿಖಿತ ಒಪ್ಪಂದದ ತಳಹದಿಯ ಮೇಲೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, ಅದೇ ವರ್ಷದ ಮಾಹಿತಿ ಹಕ್ಕು ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆಗಳು ಬಂದದ್ದು ಆ ಅವಧಿಯಲ್ಲಿ. ಈ ಕೀರ್ತಿ ಎಡಪಕ್ಷಗಳೊಂದಕ್ಕೇ ಸಲ್ಲುವುದಿಲ್ಲ. ವರ್ಷಗಟ್ಟಲೆ ದುಡಿದ ಜನಚಳವಳಿಗಳಿಗೂ ಸಲ್ಲಬೇಕು. ಆದರೆ ಸರಕಾರದ ಉಳಿವು ಎಡಪಕ್ಷಗಳ ಕೈಯಲ್ಲಿದ್ದುದು ಆ ಚಳವಳಿಗಳ ಮಾತಿಗೆ ತೂಕ ತಂದಿತು. 2008ರ ಜುಲೈಯಲ್ಲಿ ಅಣು ಒಪ್ಪಂದವನ್ನು ವಿರೋಧಿಸಿ ಅವು ಬೆಂಬಲವನ್ನು ಹಿಂತೆಗೆದುಕೊಂಡವು. ಕೂಲಿಕಾರನ ಅನ್ನಕ್ಕೆ ನೇರವಾಗಿ ಸಂಬಂಧಿಸದ ವಿಷಯಕ್ಕೆ ತಮ್ಮ ಕೈಯಲ್ಲಿದ್ದ ದೊಡ್ಡ ಅಸ್ತ್ರವನ್ನು ಕಳೆದುಕೊಂಡವೆಂಬುದು ನನ್ನ ಅಭಿಪ್ರಾಯ. ಮರುವರ್ಷದ ಚುನಾವಣೆಯಲ್ಲಿ ಅವುಗಳ ಬಲ 24ಕ್ಕೆ ಕುಸಿಯಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕೊಟ್ಟ ಬೆಂಬಲದಿಂದ ಏನು ಸಿಕ್ಕಿತು, ಹಿಂತೆಗೆದುಕೊಂಡದ್ದರಿಂದ ಏನು ಸಿಕ್ಕಿತು ಎಂಬುದನ್ನು ಹೋಲಿಸಿ ನೋಡುವುದು ಕಷ್ಟವಲ್ಲ.

ಒಬ್ಬ ಮತದಾರ ಏಕಾಂಗಿಯಾಗಿ ಚೌಕಾಶಿ ಮಾಡಲಾರ. ಮತಗಟ್ಟೆಯೊಳಗೆ ಅವನಿಗಿರುವುದು ಒಂದು ಮತ ಮಾತ್ರ. ಅಲ್ಲಿ ಷರತ್ತು ಬರೆಯಲು ಜಾಗವಿಲ್ಲ. ಚೌಕಾಶಿ ಸಂಘಟನೆಯ ಕೆಲಸ, ಅದೂ ಮತದಾನಕ್ಕೆ ಮೊದಲಿನ ಕೆಲಸ. ಭಾರತದಲ್ಲಿ ಇದು ಇನ್ನೂ ಮುಖ್ಯ. ನಮ್ಮಲ್ಲಿ ಎರಡನೆಯ ಸುತ್ತಿಲ್ಲ. ಹೆಚ್ಚು ಮತ ಪಡೆದವನು ಶೇಕಡ 35 ಪಡೆದರೂ ಗೆಲ್ಲುತ್ತಾನೆ. ಫ್ರಾನ್ಸಿನವನು ಮೊದಲ ಭಾನುವಾರ ಮನಸ್ಸಿಗೆ, ಎರಡನೆಯದರಲ್ಲಿ ವಿವೇಕಕ್ಕೆ ಮತ ನೀಡಬಹುದು. ನಾವು ಎರಡನ್ನೂ ಒಂದೇ ಗುಂಡಿಯಲ್ಲಿ ಒತ್ತಬೇಕು. ಆದುದರಿಂದ ನಮ್ಮ ಮೊದಲ ಸುತ್ತು ಚುನಾವಣೆ ಘೋಷಣೆಯಾಗುವ ಮೊದಲೇ ನಡೆದಿರಬೇಕು: ಕಾರ್ಮಿಕ ಸಂಘದ ಬೇಡಿಕೆಪಟ್ಟಿಯಲ್ಲಿ, ಸ್ಥಾನ ಹೊಂದಾಣಿಕೆಯ ಮೇಜಿನ ಮುಂದೆ, ಅಭ್ಯರ್ಥಿಯನ್ನು ಓಣಿಗೆ ಕರೆಸಿ ಕೇಳುವ ಪ್ರಶ್ನೆಗಳಲ್ಲಿ. ಅದನ್ನು ಮಾಡದೆ ಮತದಾನದ ದಿನ ಮುನಿಸಿಕೊಂಡು ಮನೆಯಲ್ಲಿ ಕುಳಿತರೆ ಅದು ಪ್ರತಿಭಟನೆಯಾಗುವುದಿಲ್ಲ. ಎಣಿಕೆಯ ಮೇಜಿನ ಮೇಲೆ ಮುನಿಸಿಗೂ ಆಲಸ್ಯಕ್ಕೂ ಭೇದವಿಲ್ಲ.

ಮಧ್ಯಮಮಾರ್ಗಿಗಳಿಗೂ ಒಂದು ಮಾತು ಹೇಳಬೇಕು. ನನಗಲ್ಲದೆ ಇನ್ನಾರಿಗೆ ಹಾಕುತ್ತೀರಿ ಎಂಬ ದರ್ಪದಿಂದ ಒಂದು ಚುನಾವಣೆಯನ್ನು ಗೆಲ್ಲಬಹುದು, ಎರಡನ್ನು ಗೆಲ್ಲಬಹುದು. ಆದರೆ ಪ್ರತಿಸಲವೂ ಅವನ ಹಿಂದೆ ನಿಲ್ಲುವವರು ಕಡಿಮೆಯಾಗುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಶೇಕಡ 82 ಇದ್ದದ್ದು 58ಕ್ಕೆ ಇಳಿದ ಲೆಕ್ಕ ಎಲ್ಲರ ಕಣ್ಣ ಮುಂದಿದೆ. ಫ್ರಾನ್ಸಿನಲ್ಲಿ ಮುಂದಿನ ಅಧ್ಯಕ್ಷರ ಚುನಾವಣೆ 2027ರಲ್ಲಿ. ಅಲ್ಲಿನ ಎಡಪಂಥೀಯರನ್ನು ಮತ್ತೊಮ್ಮೆ ದೋಣಿಗೆ ಕರೆಯುವವರು ಈ ಸಲ ಕೂಲಿಯನ್ನು ದಡದಲ್ಲಿಯೇ, ಎಲ್ಲರೆದುರು ಗೊತ್ತುಮಾಡಲಿ. ಆಗ ಹುಟ್ಟು ಹಾಕಲು ಹಿಂಜರಿಯುವವರಿಗೆ ಸಬೂಬು ಉಳಿಯುವುದಿಲ್ಲ.